ಗಾಜಿಗೆ ಒತ್ತಿ ನೆಟ್ಟ ಸಾಲು

ಒಂದು ಪ್ಯಾಂಟಿನ ಕಾಲು ಗಿಡ್ಡ ಮಾಡಿ, ಮಡಿಚಿ ಹೊಲಿದರೆ ಬರುವ ಕೂಲಿಯನ್ನು ನಾನು ಒಂದು ಪ್ಯಾಂಟು ಅಂತ ಲೆಕ್ಕ ಹಿಡಿಯುತ್ತೇನೆ. ಮನೆಯ ಯಾವ ಖರ್ಚಾದರೂ ನನಗೆ ಅರ್ಥವಾಗುವುದು ಆ ಅಳತೆಯಲ್ಲೇ. ಗಾಜಿನ ತೊಟ್ಟಿಗೆ ಬಿದ್ದದ್ದು ಹನ್ನೊಂದು ಪ್ಯಾಂಟು. ಅದೂ ಹೊಸದಲ್ಲ, ಬಾಗಿಲು ಮುಚ್ಚಿದ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಿಂದ ಬಂದದ್ದು, ಒಂದು ಮೂಲೆಯಲ್ಲಿ ಗೀರು ಬೇರೆ. ಮೇಲಿನ ದೀಪಕ್ಕೆ ಆರು. ನೀರು ಸೋಸುವ ಫಿಲ್ಟರಿಗೆ ಐದು ಪ್ಯಾಂಟು ಮತ್ತು ಒಂದು ಜಿಪ್ಪು. ಉದ್ದನೆಯ ಚಿಮಟಕ್ಕೆ ಎರಡು. ಮರಳು ಪುಕ್ಕಟೆ, ಎದುರು ಮನೆ ಕಟ್ಟಿಸುತ್ತಿದ್ದವರು ಎರಡು ಬಕೆಟ್ ಕೊಟ್ಟರು. ಅದನ್ನು ಕೆಸರು ಹೋಗುವ ತನಕ ತೊಳೆದವಳು ನಾನು, ಸೊಂಟ ಹಿಡಿದುಕೊಂಡದ್ದೂ ನನಗೇ. ತೊಟ್ಟಿ ಕೂರಿಸುವುದಕ್ಕೆ ಮೂಲೆಗೆ ಬಿದ್ದಿದ್ದ ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳಾದವು. ಗಿಡಕ್ಕೆ ದುಡ್ಡು ಕೊಡಲಿಲ್ಲ. ಮೀನು ತರಲೇ ಇಲ್ಲ.

ಮೀನಿಲ್ಲದ್ದನ್ನು ನಮ್ಮ ದೊಡ್ಡಕ್ಕ ಮೊದಲ ದಿನವೇ ಹಿಡಿದರು. ದೊಡ್ಡಕ್ಕ ಅಂದರೆ ನನ್ನ ಗಂಡನ ಅಕ್ಕ. ಬಟ್ಟೆ ಅಂಗಡಿಯೊಂದರಲ್ಲಿ ಗಾಜಿನ ಕಪಾಟು ಸಿಂಗರಿಸುವ ಕೆಲಸ ಮಾಡಿ ವಯಸ್ಸಾದ ಮೇಲೆ ನಮ್ಮ ಜೊತೆ ಇದ್ದಾರೆ. ಬಾಯಿ ಕತ್ತರಿ, ಮನಸ್ಸು ಹತ್ತಿ.

"ಮೀನಿಲ್ಲದ ಮೀನಿನ ತೊಟ್ಟಿ ಕಟ್ಟಿದ್ದಾಯ್ತು. ನಾಳೆ ಹಸು ಇಲ್ಲದ ಕೊಟ್ಟಿಗೆ ಕಟ್ಟು ಕಣೇ, ಸಗಣಿ ಬಾಚೋ ಕೆಲಸನೂ ತಪ್ಪುತ್ತೆ," ಅಂದರು.

ನಾನು ನಕ್ಕೆ. ತೊಟ್ಟಿ ಯಾಕೆ ಬಂತು ಅನ್ನುವುದು ಅವರಿಗೂ ಗೊತ್ತಿತ್ತು.

ನಮ್ಮವರದು ಗಡಿಯಾರ ರಿಪೇರಿ ಕೆಲಸ. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಒಂದು ಬೆಂಚು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಆ ಬೆಂಚಿನಲ್ಲಿ ಕೂತು ಇವರು ಅರ್ಧ ಊರಿನ ಹೊತ್ತು ಸರಿಮಾಡಿದರು. ಹೋದ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಕಾಲು ಬೇಗ ಬಂತು. ಮಾತೂ ಬಂತು. ಕೈ ಮಾತ್ರ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಹಿಡಿಯುವುದು ಬಂತು, ಬಿಡುವುದು ಬರಲಿಲ್ಲ. ಚಹಾ ಲೋಟ ಹಿಡಿದರೆ ಕುಡಿದಾದ ಮೇಲೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ ಲೋಟ ಕೆಳಗಿಡಬೇಕು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಬಿಡಿಸಿ ಹೇಳಿದ್ದಳು. ಈ ಕಾಯಿಲೆಯಲ್ಲಿ ಮುಷ್ಟಿ ಮೊದಲು ಬರುತ್ತದೆ, ತೆರೆಯುವುದು ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ ಅಂತ. ಗಡಿಯಾರದ ಕೆಲಸದಲ್ಲಿ ಹಿಡಿಯುವುದು ಎಷ್ಟೋ ಬಿಡುವುದೂ ಅಷ್ಟೇ. ಎಳ್ಳಿಗಿಂತ ಸಣ್ಣ ತಿರುಪನ್ನು ಅದರ ತೂತಿನಲ್ಲಿ ಇಟ್ಟು ಚಿಮಟ ಸಡಿಲಿಸಬೇಕು. ಬೆರಳು ಸಡಿಲದಿದ್ದರೆ ತಿರುಪು ಚಿಮಟದ ಜೊತೆಗೇ ಎದ್ದುಬರುತ್ತದೆ.

ಕಟ್ಟಡದ ಮಾಲೀಕರು ಕೆಟ್ಟವರಲ್ಲ. ಎಷ್ಟೋ ತಿಂಗಳು ಅಂಗಡಿಗೆ ಬೀಗ ಬಿದ್ದಿದ್ದರೂ ಕಾದರು. ಆದರೆ ಎದುರು ಕಟ್ಟೆಯ ಮೇಲೆ ಮೊಬೈಲಿನ ಕವರು ಹರಡಿಕೊಂಡು ಮಾರುತ್ತಿದ್ದವನು ಆ ಜಾಗ ಕೇಳುತ್ತಲೇ ಇದ್ದ. ಶಾಲೆಯ ರಜೆ ಮುಗಿಯುವ ಹೊತ್ತಿಗೆ ಹೂಂ ಅಥವಾ ಊಹೂಂ ಹೇಳಿಬಿಡಿ ಅಂದರು ಮಾಲೀಕರು. ನ್ಯಾಯವಾದ ಮಾತೇ. ನನ್ನ ಹೊಲಿಗೆಯಲ್ಲಿ ಮೂರು ಹೊಟ್ಟೆ ತುಂಬುತ್ತದೆ, ಅದರ ಯೋಚನೆ ನನಗಿರಲಿಲ್ಲ. ಬೆಂಚು ಹೋದರೂ ಇವರು ಬದುಕಿರುತ್ತಾರೆ. ಬೆಳಿಗ್ಗೆ ಎದ್ದು ಏನು ಮಾಡುತ್ತಾ ಬದುಕಿರುತ್ತಾರೆ ಅನ್ನುವುದೇ ನನ್ನ ಯೋಚನೆ.

ವ್ಯಾಯಾಮದ ಹುಡುಗಿ ಬಟಾಣಿ ಕೊಟ್ಟಿದ್ದಳು. ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಒಂದೊಂದೇ ಬಟಾಣಿ ಹಾಕಬೇಕು. ಒಂದು ವಾರ ಮಾಡಿದರು. ಆಮೇಲೆ ಒಂದು ಮಧ್ಯಾಹ್ನ ಬಟ್ಟಲನ್ನು ಗೋಡೆಗೆ ಬೀಸಿ ಒಗೆದರು. ಒಗೆಯುವಾಗ ಕೈ ಎಷ್ಟು ಚೆನ್ನಾಗಿ ಬಿಟ್ಟಿತು ನೋಡಿ ಅಂತ ನಾನು ಹೇಳಬೇಕೆಂದಿದ್ದೆ. ನೋಡಿದರೆ ಅವರು ಎಡಗೈಯಲ್ಲಿ ಒಗೆದಿದ್ದರು.

ಬಟಾಣಿ ಇನ್ನೂ ನೆಲದ ಮೇಲೆ ಉರುಳುತ್ತಿರುವಾಗಲೇ ಕಂಡಕ್ಟರು ಬಂದರು. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರೂ ಅವರನ್ನು ಕಂಡಕ್ಟರು ಅಂತಲೇ ಕರೆಯುವುದು. ಇವರ ಹಳೆಯ ಗಿರಾಕಿ, ಆರೋಗ್ಯ ವಿಚಾರಿಸಿಕೊಂಡು ಹೋಗೋಣ ಅಂತ ಬಂದಿದ್ದರು. ಬಟಾಣಿ ತುಳಿಯದ ಹಾಗೆ ಕಾಲೆತ್ತಿ ಇಡುತ್ತಾ ಬಂದು ಕೂತು, ಏನಾಯಿತು ಅಂತ ಕೇಳಲೇ ಇಲ್ಲ. ನಾಳೆ ನಮ್ಮ ಮಹಡಿಗೆ ಬನ್ನಿ, ನನಗೊಂದು ಕೈ ಬೇಕಾಗಿದೆ ಅಂದರು. ಇವರು ತಮ್ಮ ಕೈಯನ್ನೇ ಎತ್ತಿ ತೋರಿಸಿದರು. ಅದೇ ಕೈ ಸಾಕು ಅಂದರು ಕಂಡಕ್ಟರು.

ಮರುದಿನ ಇಬ್ಬರೂ ಹೋದೆವು. ಅವರ ಮಹಡಿಯ ತುಂಬ ಪ್ಲಾಸ್ಟಿಕ್ ಟಬ್ಬುಗಳು, ಹಳೇ ಸ್ನಾನದ ತೊಟ್ಟಿಗಳು, ಕೆಟ್ಟುಹೋದ ಫ್ರಿಜ್ಜಿನ ಡಬ್ಬ. ಎಲ್ಲದರಲ್ಲೂ ನೀರು, ನೀರೊಳಗೆ ಹಸಿರು. ಅಕ್ವೇರಿಯಂ ಅಂಗಡಿಗಳಿಗೆ ಗಿಡ ಬೆಳೆಸಿಕೊಡುವುದು ಅವರ ಈಗಿನ ಕಸುಬು. ನೀರೊಳಗೆ ಗಿಡ ಬೆಳೆಯುತ್ತದೆ ಅಂತ ನನಗೆ ಗೊತ್ತಿತ್ತು. ಅದನ್ನು ಪೈರಿನ ಹಾಗೆ ನಾಟಿ ಮಾಡಬೇಕು ಅಂತ ಗೊತ್ತಿರಲಿಲ್ಲ. ಕೂದಲಿನಷ್ಟು ತೆಳುವಾದ ಒಂದು ಹುಲ್ಲು ಇದೆ. ಅಂಗೈಯಷ್ಟು ಕಂತೆಯನ್ನು ಬಿಡಿಸಿ, ಮೂರು ನಾಲ್ಕು ಎಳೆಯ ಪುಟ್ಟ ಜುಟ್ಟು ಮಾಡಿ, ಒಂದೊಂದನ್ನೂ ಚಿಮಟದಲ್ಲಿ ಮರಳಿಗೆ ಚುಚ್ಚಬೇಕು. ಬೆರಳಿನಿಂದ ಆಗುವುದಿಲ್ಲ, ಬೆರಳು ದಪ್ಪ.

"ನೋಡಿ ಗಡಿಯಾರದೋರೇ, ಇಲ್ಲಿ ಯಾರಿಗೂ ಅರ್ಜೆಂಟಿಲ್ಲ. ಓರೆಯಾಗಿ ಚುಚ್ಚಿ, ಬಿಟ್ಟು, ಆಮೇಲೆ ಚಿಮಟ ಎಳೀರಿ. ಎಳೆದಾದ ಮೇಲೆ ಬಿಡೋದಲ್ಲ," ಅಂತ ಕಂಡಕ್ಟರು ಹೇಳಿದರು.

"ಬಿಡೋದು ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ," ಅಂದರು ಇವರು.

ಮೊದಲ ದಿನ ಚುಚ್ಚಿದ ಜುಟ್ಟೆಲ್ಲ ಚಿಮಟದ ಜೊತೆಗೇ ಮೇಲೆ ಬಂತು. ಟಬ್ಬಿನ ಮೇಲೆಲ್ಲ ಹುಲ್ಲು ತೇಲಿ, ಕ್ಷೌರದ ಅಂಗಡಿಯ ನೆಲ ಆಯಿತು. ಆದರೂ ಇವರು ಚಿಮಟ ಕೆಳಗಿಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವರೇ ಬಾಯಿಬಿಟ್ಟರು. ನೀರು ತೋಳನ್ನು ಹೊತ್ತುಕೊಳ್ಳುತ್ತದಂತೆ, ಗಾಳಿಯಲ್ಲಿ ನಡುಗುವಷ್ಟು ಕೈ ನೀರಲ್ಲಿ ನಡುಗುವುದಿಲ್ಲವಂತೆ. ಮತ್ತೆ ಚಿಮಟಕ್ಕೆ ಅದರದೇ ಒಂದು ಬಿಗಿ ಇದೆ, ಒತ್ತಿದ್ದನ್ನು ತಾನೇ ಹೊರಕ್ಕೆ ನೂಕುತ್ತದೆ. ಬೆರಳಿಗೆ ಯಾರೋ ಒಳಗಿನಿಂದ ಸಹಾಯ ಮಾಡಿದ ಹಾಗಿದೆ ಅಂದರು. ಕಾಯಿಲೆ ಬಿದ್ದ ಮೇಲೆ ಅವರು ತಾವಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ಬಟಾಣಿ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋದರೆ ಬಟಾಣಿಗೂ ಲಾಭವಿಲ್ಲ, ಯಾರಿಗೂ ಲಾಭವಿಲ್ಲ. ಇಲ್ಲಿ ನೆಟ್ಟದ್ದು ನಿಂತರೆ ಬೆಳೆಯುತ್ತದೆ. ಅವರಿಗೆ ಬೇಕಾಗಿದ್ದದ್ದು ಕೆಲಸ, ವ್ಯಾಯಾಮ ಅಲ್ಲ. ಅದು ಗೊತ್ತಾದ ಮೇಲೆ ಹನ್ನೊಂದು ಪ್ಯಾಂಟು ನನಗೆ ದೊಡ್ಡದೆನಿಸಲಿಲ್ಲ.

ಹೀಗೆ ತೊಟ್ಟಿ ಮನೆಗೆ ಬಂತು, ಗಿಡಗಳನ್ನು ಕಂಡಕ್ಟರು ಕೊಟ್ಟರು. ಕೆಳಗೆ ಒಂದು ಪದರ ಮಣ್ಣು, ಅದರ ಮೇಲೆ ಮರಳು. ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಔಷಧಿಯ ವಾಸನೆ ಹೋದ ಮೇಲೆ ಮೆಲ್ಲಗೆ ತುಂಬಿದೆವು. ಗಿಡ ಜೋಡಿಸುವ ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವಾಯಿತು. ಇವರು ಅಳತೆಪಟ್ಟಿ ತಗೊಂಡು ಒಂದು ಕಲ್ಲನ್ನು ನಟ್ಟನಡುವೆ ಇಟ್ಟು, ಸುತ್ತ ಹನ್ನೆರಡು ಗಿಡ ಸಮಸಮ ದೂರಕ್ಕೆ ನೆಟ್ಟರು. ದೊಡ್ಡಕ್ಕ ಬಂದು ನೋಡಿದರು.

"ಇದೇನೋ ಇದು, ತೊಟ್ಟೀನೋ ಗಡಿಯಾರಾನೋ? ಮುಳ್ಳು ಒಂದು ಬಾಕಿ."

"ನೀನು ಬಟ್ಟೆ ಬೊಂಬೆ ನಿಲ್ಲಿಸಿದೋಳು, ನಿಂಗೇನು ಗೊತ್ತು," ಅಂತ ಇವರು ಗೊಣಗಿದರು.

ಅದಕ್ಕೇ ಕಾಯುತ್ತಿದ್ದವರ ಹಾಗೆ ದೊಡ್ಡಕ್ಕ ಕುರ್ಚಿ ಎಳೆದುಕೊಂಡರು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಕಲ್ಲು ನಡುವೆ ಬೇಡ, ಒಂದು ಪಕ್ಕಕ್ಕೆ ಸರಿಯಲಿ. ನಡುವೆ ಖಾಲಿ ಬಿಟ್ಟರೆ ನೋಡುವವರ ಕಣ್ಣಿಗೆ ಒಳಗೆ ನಡೆದುಹೋಗಲು ದಾರಿ ಸಿಗುತ್ತದೆ. ಕೆಂಪು ಎಲೆಯ ಗಿಡ ಒಂದೇ ಇರಲಿ, ಎರಡಾದರೆ ಒಂದನ್ನೊಂದು ಕೊಲ್ಲುತ್ತವೆ. ಮೂವತ್ತು ವರ್ಷ ಗಾಜಿನ ಹಿಂದೆ ಬಟ್ಟೆ ಜೋಡಿಸಿದ ಕಣ್ಣು ಅದು. ದೊಡ್ಡಕ್ಕ ಬೆರಳು ತೋರಿಸಿದಲ್ಲಿ ಇವರು ಚಿಮಟ ಚುಚ್ಚಿದರು. ಸಂಜೆಯ ಹೊತ್ತಿಗೆ ನೀರೊಳಗೆ ಒಂದು ಪುಟ್ಟ ಬಯಲು, ಬಯಲ ಹಿಂದೆ ಕಾಡು ಕಾಣಿಸಿತು. ಹತ್ತರಲ್ಲಿ ನಾಲ್ಕು ಜುಟ್ಟು ನಿಂತಿದ್ದವು, ಆರು ತೇಲಿದ್ದವು. ತೇಲಿದ್ದನ್ನು ಮರುದಿನ ಮತ್ತೆ ನೆಟ್ಟರು.

ಬರಬರುತ್ತಾ ತೇಲುವುದು ಕಡಿಮೆಯಾಯಿತು. ಕೈ ಕಲಿಯುತ್ತಿತ್ತು. ಆದರೆ ಹುಲ್ಲು ಹಳದಿಯಾಗತೊಡಗಿತು. ನಿಂತ ಜುಟ್ಟು ನಿಂತ ಹಾಗೇ ಇದೆ, ಒಂದು ಹೊಸ ಎಳೆ ಇಲ್ಲ. ನಾನು ನೀರು ಬದಲಿಸಿದೆ. ದೊಡ್ಡಕ್ಕ ದೀಪ ಹೆಚ್ಚಾಯಿತು ಅಂತ ಆರಿಸಿದರು, ನಾನು ಕಡಿಮೆಯಾಯಿತು ಅಂತ ಹಚ್ಚಿದೆ. ಗಾಜಿನ ಮೇಲೆ ಕಂದು ಪಾಚಿ ಬಂತು. ಇವರ ಮಾತು ಮತ್ತೆ ಕಡಿಮೆಯಾಯಿತು. ಊಟಕ್ಕೆ ಕೂತಾಗ, ಇನ್ನು ಅಂಗಡಿಯ ಬೀಗದ ಕೈ ಕೊಟ್ಟುಬಿಡೋಣ ಅಂದರು. ಹುಲ್ಲಿಗೂ ಬೀಗದ ಕೈಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಅವರ ಲೆಕ್ಕದಲ್ಲಿ ಎರಡೂ ಒಂದೇ ಆಗಿಹೋಗಿದ್ದವು.

ಕಂಡಕ್ಟರನ್ನು ಕರೆಸಿದೆ. ಅವರು ಅಂಗಿಯ ತೋಳು ಮಡಿಸಿ ಒಂದು ಜುಟ್ಟು ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇರು ಬಂದಿದೆ, ಬಂದು ತುದಿ ಮುರಿದಿದೆ. ಇನ್ನೊಂದು ಕಿತ್ತರು. ಅದೂ ಹಾಗೇ. ಮೂವರ ಮುಖವನ್ನೂ ಒಂದು ಸುತ್ತು ನೋಡಿದರು, ಟಿಕೆಟ್ ಇಲ್ಲದವನನ್ನು ಹುಡುಕುವ ಹಾಗೆ. ಕಡೆಗೆ ಇವರ ಮೇಲೆ ಕಣ್ಣು ನಿಂತಿತು.

"ದಿನಾ ಕಿತ್ತು ನೋಡ್ತಿದೀರಾ?"

ಇವರು ಹೂಂ ಅಂದರು. ನಾನು ಹೊಲಿದ ಬಟ್ಟೆ ಕೊಡಲು ಹೋದಾಗ, ದೊಡ್ಡಕ್ಕ ಮಲಗಿದಾಗ, ಬೇರು ಬಂತೋ ಇಲ್ಲವೋ ಅಂತ ನಾಲ್ಕು ನಾಲ್ಕು ಜುಟ್ಟು ಎತ್ತಿ ನೋಡಿ ಮತ್ತೆ ನೆಡುತ್ತಿದ್ದರಂತೆ. ಹೇಗೂ ನೆಡುವುದು ಅಭ್ಯಾಸವಾಗಲಿ ಅಂತಲೂ ಇತ್ತಂತೆ.

"ಮುಚ್ಚಳ ತೆಗೀದೆ ಒಳಗೆ ನಡೀತಿದೆಯೋ ನಿಂತಿದೆಯೋ ಅಂತ ಹೇಗೆ ಗೊತ್ತಾಗ್ಬೇಕು? ಜೀವಮಾನ ಪೂರ್ತಿ ನಾನು ಮಾಡಿದ್ದೇ ಅದು," ಅಂದರು.

"ಹತ್ತಿದವರನ್ನ ಪ್ರತಿ ಸ್ಟಾಪಲ್ಲೂ ಕೆಳಗಿಳಿಸಿ ಟಿಕೆಟ್ ನೋಡಿದ್ರೆ, ಅವ್ರು ಊರು ಸೇರೋದು ಯಾವಾಗ ಯಜಮಾನ್ರೇ?" ಅಂದರು ಕಂಡಕ್ಟರು. ಬೈಯುವ ದನಿಯಲ್ಲಲ್ಲ. ಹೊಸ ಎಳೆ ಬಂದರೆ ಬೇರು ಹಿಡಿಯಿತು ಅಂತ ತಿಳಿಯಬೇಕು, ಅಲ್ಲಿಯ ತನಕ ಕೈ ಕಟ್ಟಿಕೊಂಡಿರಬೇಕು, ಬೇರೆ ದಾರಿಯಿಲ್ಲ ಅಂತ ಹೇಳಿ, ತಮ್ಮ ಚೀಲದಿಂದ ಇನ್ನೊಂದು ಕಂತೆ ಹುಲ್ಲು ತೆಗೆದುಕೊಟ್ಟು ಹೋದರು.

ಕೈ ಕಟ್ಟಿಕೊಂಡಿರುವುದು ಹೇಳಿದಷ್ಟು ಸುಲಭವಲ್ಲ. ನಲವತ್ತು ವರ್ಷ ಒಳಗನ್ನು ಬಿಚ್ಚಿ ನೋಡಿ ನಂಬಿದ ಮನುಷ್ಯನಿಗೆ, ಹೊರಗಿನ ಎಲೆ ನೋಡಿ ನಂಬು ಅಂದರೆ ಹೇಗೆ? ಇವರು ಎರಡು ದಿನ ತೊಟ್ಟಿಯ ಎದುರು ಕುರ್ಚಿ ಹಾಕಿ ಕೂತೇ ಇದ್ದರು. ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದರು. ಮೂರನೇ ದಿನ ಎದ್ದು ನನ್ನ ಹತ್ತಿರ ಬಂದು, ಕೋಟಿನ ಒಳಪದರದ ಕಪ್ಪು ಬಟ್ಟೆ ಒಂದು ಪಟ್ಟಿ ಇದೆಯಾ ಅಂತ ಕೇಳಿದರು.

ಅವರು ಮಾಡಿದ್ದು ಇಷ್ಟೆ. ಹೊಸ ಹುಲ್ಲಿನಲ್ಲಿ ಒಂದು ಸಾಲನ್ನು ಮುಂದಿನ ಗಾಜಿಗೇ ಒತ್ತಿ ನೆಟ್ಟರು, ಮರಳೊಳಗೆ ಬೇರಿಳಿದರೆ ಗಾಜಿನ ಮೂಲಕ ಕಾಣಬೇಕು ಹಾಗೆ. ಬೇರಿಗೆ ಬೆಳಕು ಆಗುವುದಿಲ್ಲ, ಬೆಳಕು ಬಿದ್ದರೆ ಅಲ್ಲೂ ಪಾಚಿ ಕಟ್ಟುತ್ತದೆ ಅಂತ ಕಂಡಕ್ಟರು ಮಹಡಿಯಲ್ಲಿ ಒಮ್ಮೆ ಹೇಳಿದ್ದರು, ಅದಕ್ಕೆ ಮರಳಿನ ಎತ್ತರಕ್ಕೆ ಹೊರಗಿನಿಂದ ಕಪ್ಪು ಪಟ್ಟಿ ಅಂಟಿಸಿದರು. ಪಟ್ಟಿಯ ಮೇಲಂಚು ಮಾತ್ರ ಅಂಟಿತ್ತು, ಕೆಳಗಂಚು ಬಿಟ್ಟಿತ್ತು. ಬೆಳಿಗ್ಗೆ ಒಂದು ಸಲ ಎತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಮತ್ತೆ ಇಳಿಬಿಡುವುದು. ನೀರಿಗೆ ಕೈ ಹಾಕುವ ಮಾತಿಲ್ಲ.

"ಹಿಂಬದಿ ಗಾಜಿನ ಗಡಿಯಾರ ಇರ್ತಾವೆ, ದುಬಾರಿಯವು. ಅವನ್ನ ಬಿಚ್ಚದೇನೇ ಒಳಗೆ ನೋಡಬಹುದು. ನಂಗೆ ಮೊದಲೇ ಹೊಳೀಲಿಲ್ಲ," ಅಂದರು ನನಗೆ.

"ಲಂಗದ ಅಂಚು ಎತ್ತಿ ನೋಡಿದ ಹಾಗೆ ನೋಡ್ತಾನಲ್ಲೇ ಇವನು," ಅಂತ ದೊಡ್ಡಕ್ಕ ನನ್ನ ಕಿವಿಯಲ್ಲಿ ಅಂದರು. ನಾನು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ.

ಒಂದು ಬೆಳಿಗ್ಗೆ ಇವರು ನನ್ನನ್ನು ಕರೆದರು. ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ಭೂತಗನ್ನಡಿ ನನ್ನ ಕಣ್ಣಿಗೆ ಸಿಕ್ಕಿಸಿದರು. ಮರಳಿನ ಎರಡು ಕಾಳಿನ ನಡುವೆ ಬಿಳೀ ದಾರದ ತುದಿಯಂಥದೊಂದು, ಗಾಜಿಗೆ ಮೈತಾಗಿಸಿಕೊಂಡು ಕೆಳಗಿಳಿದಿತ್ತು. ನಾನು ಸೂಜಿಗೆ ಪೋಣಿಸುವ ದಾರಕ್ಕಿಂತ ತೆಳು. ಮರುದಿನ ಅದು ಇನ್ನಷ್ಟು ಇಳಿದಿತ್ತು, ಪಕ್ಕದಲ್ಲಿ ಇನ್ನೆರಡು. ಅದಾದ ಮೇಲೆ ಇವರು ಬೇರೆ ಜುಟ್ಟುಗಳ ತಂಟೆಗೇ ಹೋಗಲಿಲ್ಲ. ಒಂದು ಸಾಲು ನಡೆಯುತ್ತಿದೆ ಅಂದರೆ ಎಲ್ಲವೂ ನಡೆಯುತ್ತಿದೆ ಅಂತ ಒಪ್ಪಿಕೊಂಡರು. ಹುಲ್ಲು ಹಸಿರಾಯಿತು. ಮರಳೊಳಗೇ ಬಳ್ಳಿ ಹರಿದು, ನೆಡದ ಜಾಗದಲ್ಲೂ ಪುಟ್ಟ ಜುಟ್ಟು ಎದ್ದಿತು. ಬೇಗ ಬೆಳೆಯುವ ಹಿಂದಿನ ಗಿಡಗಳ ತುದಿ ಕತ್ತರಿಸಿ ಮತ್ತೆ ನೆಡುವ ಕೆಲಸ ವಾರಕ್ಕೊಮ್ಮೆ ಬಂತು. ಹತ್ತು ನೆಟ್ಟರೆ ಒಂಬತ್ತು ನಿಲ್ಲುತ್ತಿದ್ದವು.

ಆ ದಿನಗಳಲ್ಲೇ ಒಂದು ಸಂಜೆ ಇವರು ಚಹಾ ಕುಡಿದು ಲೋಟ ಕೆಳಗಿಟ್ಟರು. ಎಡಗೈ ಪೇಪರು ಹಿಡಿದಿತ್ತು. ಬಲಗೈ ಬೆರಳುಗಳು ನಿಧಾನವಾಗಿ ತೆರೆದು ಲೋಟವನ್ನು ಬಿಟ್ಟವು. ಅವರಿಗೆ ಅದು ಗೊತ್ತೇ ಆಗಲಿಲ್ಲ, ಪೇಪರು ತಿರುವಿದರು. ನಾನು ನೋಡಿದೆ, ದೊಡ್ಡಕ್ಕನೂ ನೋಡಿದರು. ದೊಡ್ಡಕ್ಕ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು, ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವರು ಬಾಯಿಗೆ ಬಂದದ್ದನ್ನು ನುಂಗಿದ್ದು ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ.

ಶಾಲೆಗಳು ತೆರೆಯುವ ಮುನ್ನ ಅಂಗಡಿಗೆ ಹೋದೆವು. ಬೀಗ ಜಂಗು ಹಿಡಿದಿತ್ತು, ನಾನೇ ತೆಗೆದೆ. ಧೂಳು ಒರೆಸಿ ದೀಪ ಹಚ್ಚಿದೆ. ನಾನು ಕೂರುವಂತಿಲ್ಲವಲ್ಲ, ಬಾಗಿಲಲ್ಲಿ ನಿಂತೆ. ಇವರು ಮೊದಲು ಒಂದು ಗೋಡೆ ಗಡಿಯಾರ ಬಿಚ್ಚಿದರು. ಅದರ ಚಕ್ರಗಳು ದೊಡ್ಡವು. ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿದರು. ಮೊದಲಿಗಿಂತ ಹೊತ್ತು ಹಿಡಿಯಿತು, ಆದರೆ ಓಡಿತು. ಆಮೇಲೆ ಗಂಡಸರ ಕೈಗಡಿಯಾರ ಒಂದು. ಸೆಲ್ ಬದಲಿಸಿ, ತಿರುಪನ್ನು ಚಿಮಟದಲ್ಲಿ ಹಿಡಿದು, ಓರೆಯಾಗಿ ತಂದು, ತೂತಿನ ಮೇಲೆ ಇಟ್ಟರು. ಚಿಮಟ ಖಾಲಿ ಮೇಲೆ ಬಂತು. ತಿರುಪು ಇದ್ದಲ್ಲೇ ಇತ್ತು.

ಮೂರನೆಯದು ಹೆಂಗಸರ ಪುಟ್ಟ ಗಡಿಯಾರ, ಕೀಲಿ ಕೊಡುವಂಥದು. ಅದರೊಳಗೆ ಕೂದಲೆಳೆಯಂಥ ಸ್ಪ್ರಿಂಗು ಸುರುಳಿ ಸುತ್ತಿರುತ್ತದೆ. ಇವರ ಕೈಗೆ ಹೆಸರು ಬಂದದ್ದೇ ಆ ಕೆಲಸದಿಂದ. ಮೂರು ಸಲ ಕೂರಿಸಿ ನೋಡಿದರು. ಇಲ್ಲಿ ನೀರಿಲ್ಲ, ತೋಳು ಹೊರುವವರಿಲ್ಲ. ಮೂರನೇ ಸಲ ಸ್ಪ್ರಿಂಗು ಚಿಮ್ಮಿ ಬೆಂಚಿನ ಮೇಲೆ ಬಿತ್ತು. ಅದು ಹಾಳಾಗದ ಹಾಗೆ ಎತ್ತಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿದರು. ಕಣ್ಣಿನಿಂದ ಭೂತಗನ್ನಡಿ ತೆಗೆದು ನನ್ನ ಕಡೆ ನೋಡಿದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅದು ಬೇಕಾಗಲಿಲ್ಲ.

"ಇದು ಬರಲ್ಲ ಕಣೇ. ಆ ಎರಡು ಬರುತ್ತೆ. ಮಾಲೀಕರನ್ನ ಕರಿ, ಆ ಕವರಿನ ಹುಡುಗನ್ನೂ ಕರಿ."

ಕವರಿನವನನ್ನು ಯಾಕೆ ಕರೆಯುವುದು ಅಂತ ನನಗೆ ತಿಳಿಯಲಿಲ್ಲ, ಆದರೂ ಕರೆತಂದೆ. ಇವರು ಬೆಂಚಿನ ಅರ್ಧಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದರು. ಗೋಡೆ ಗಡಿಯಾರ, ಗಂಡಸರ ಗಡಿಯಾರ, ಸೆಲ್ಲು, ಬೆಲ್ಟು, ಇಷ್ಟಕ್ಕೆ ನನಗೆ ಅರ್ಧ ಸಾಕು. ಇನ್ನರ್ಧ ನೀನು ತಗೋ, ಬಾಡಿಗೆ ಸಮಪಾಲು ಅಂದರು. ಮಾಲೀಕರಿಗೆ ಬಾಡಿಗೆ ಪೂರ್ತಿ ಬಂದರೆ ಸರಿ. ಕವರಿನವನು ಒಳಗೆ ಕಣ್ಣಾಡಿಸಿ, ಇಬ್ಬರು ಹೇಗೆ ಕೂರುವುದು ಅಂತ ಕೇಳಿದ. ಒಬ್ಬರು ಕೂತರೆ ಒಬ್ಬರು ನಿಲ್ಲೋದು, ಯಾರಿಗೆ ಗಿರಾಕಿ ಬಂತೋ ಅವರು ಕೂರೋದು ಅಂದರು ಇವರು. ಅವನು ತಲೆ ಕೆರೆದುಕೊಂಡು ಒಪ್ಪಿದ.

ಈಗ ಅದು ನಡೆದುಕೊಂಡು ಹೋಗುತ್ತಿದೆ. ಹೆಂಗಸರ ಪುಟ್ಟ ಗಡಿಯಾರದ ಕೆಲಸ ಹೋಯಿತು, ಅದು ಮತ್ತೆ ಬರುವುದಿಲ್ಲ. ಅಂಥವು ಬಂದರೆ ಇವರು ಬೇರೆ ಅಂಗಡಿಯ ದಾರಿ ತೋರಿಸುತ್ತಾರೆ. ಅರ್ಧ ಬೆಂಚು ಹೋಯಿತು, ಅರ್ಧ ಉಳಿಯಿತು. ಬೆಳಿಗ್ಗೆ ತೊಟ್ಟಿಯ ಕೆಲಸ ಮುಗಿಸಿ ಇವರು ಅಂಗಡಿಗೆ ಹೋಗುತ್ತಾರೆ, ಸಂಜೆ ದಣಿದು ಬರುತ್ತಾರೆ.